ಕೂತು ದುಡಿಯುವವರ ಬೆನ್ನು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಕೂತೇ ದುಡಿಯತಕ್ಕವರ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ಚೆನ್ನೈಯ ಬೀದಿಗಳಲ್ಲಿ ಹಗಲಿರುಳು ಗಸ್ತು ತಿರುಗುವ ಪೊಲೀಸಿನವರನ್ನು ಕಂಡು, "ಕಾರಿನಲ್ಲಿ ಕೂತವರಿಗೇನು ಕಷ್ಟ?" ಎನ್ನುವವರು ನಮ್ಮಲ್ಲಿಯೂ ಉಂಟು.

ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನುಮಣಿಗಳ ನಡುವಣ ಮೆತ್ತೆಗಳ ಮೇಲೆ ಬೀಳುವ ಒತ್ತಡವನ್ನು ಅಳೆದರು. ಒರಗಿಲ್ಲದೆ ಮುಂದಕ್ಕೆ ಬಾಗಿ ಕೂತರೆ, ನಿಂತಾಗಿಗಿಂತ ಹೆಚ್ಚಿನ ಭಾರ ಅವುಗಳ ಮೇಲೆ ಬೀಳುತ್ತದೆ. ಗಸ್ತಿನವರಿಗೆ ಒರಗುವುದು ಸುಲಭವೇ? ಸೊಂಟದ ಪಟ್ಟಿ, ಅದಕ್ಕೆ ಸಿಕ್ಕಿಸಿದ ವೈರ್‌ಲೆಸ್ಸು ಬೆನ್ನನ್ನು ಆಸನದಿಂದ ದೂರ ತಳ್ಳುತ್ತವೆ. ಬರೆಯಬೇಕಾದರೆ ತೊಡೆಯೇ ಮೇಜು. ಇದರ ಮೇಲೆ ಹಳ್ಳದ ರಸ್ತೆ. ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಅಲುಗುವ ಕಂಪನವು ಕೂತ ಮೈಗೆ ಬಹಳವಾಗಿ ತಟ್ಟುತ್ತದೆ.

ತಮಿಳುನಾಡಿನಲ್ಲಿ 1973ರಲ್ಲಿ ಮಹಿಳೆಯರು ಪೊಲೀಸಿಗೆ ಸೇರಿದರು. 1992ರಲ್ಲಿ ಇಲ್ಲಿಯ ಥೌಸಂಡ್ ಲೈಟ್ಸ್‌ನಲ್ಲಿ ಅವರದೇ ಠಾಣೆ ತೆರೆಯಿತು. ಎತ್ತರದವರು ಇಳಿದ ಆಸನದಲ್ಲಿ ಗಿಡ್ಡನೆಯವರು ಕೂತರೆ ಕಾಲು ಪೆಡಲಿಗೆ ಎಟುಕದು. ಮುಂದೆ ಜರುಗಿ ಕೂತರೆ ಬೆನ್ನಿಗೆ ಒರಗು ತಪ್ಪಿತು.

ಇನ್ನೊಂದು ಕಷ್ಟವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಶೌಚಕ್ಕೆ ಸ್ಥಳವಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ, ಕತ್ತರಿ ಬಿಸಿಲಿನ ಈ ಊರಿನಲ್ಲಿ ಮೂತ್ರದ ಉರಿ, ಕಲ್ಲು ಬರಲು ತಡವಾಗದು.

ಉಪಾಯಗಳೇನೂ ದುಬಾರಿಯಲ್ಲ. ಪಾಳಿ ಬದಲಾದಾಗ ಆಸನವನ್ನು ತಮ್ಮ ಅಳತೆಗೆ ಸರಿಮಾಡಿಕೊಳ್ಳಬೇಕು. ಸೊಂಟದ ಹಿಂದೆ ಸುತ್ತಿದ ಟವಲನ್ನಿಡಬೇಕು. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಅವರು ಹಾಗೆ ಇಳಿದು ನಿಂತರೆ, ಕೆಲಸಗಳ್ಳರೆಂದು ನಾವು ಆಡಿಕೊಳ್ಳಬಾರದು. ನಮ್ಮ ಮನೆಗಳಲ್ಲಿ ದಿನವಿಡೀ ಕಾರು ಓಡಿಸುವ ಮಕ್ಕಳಿಗೂ ಇದೇ ಬುದ್ಧಿವಾದ.

ಗೃಹಿಣಿಯರಲ್ಲಿ ಒಂದು ವಿನಂತಿ. ಗಸ್ತಿನ ವಾಹನ ನಿಮ್ಮ ಬೀದಿಯ ಮೂಲೆಯಲ್ಲಿ ನಿಂತಾಗ, ಅದರಲ್ಲಿ ಹೆಣ್ಣುಮಗಳಿದ್ದರೆ, "ಒಳಗೆ ಬಾಮ್ಮ" ಎಂದು ಕರೆಯಿರಿ. ಮೊದಲು ಬಚ್ಚಲುಮನೆಯ ದಾರಿ ತೋರಿಸಿ. ಆಮೇಲೆ ಒಂದು ಲೋಟ ಮಜ್ಜಿಗೆ ಕೊಡಿ.