ನಮ್ಮ ಊರು, ನಮ್ಮ ಸೀಮೆ: ತಾಳವಾಡಿ

ತಮಿಳುನಾಡಿನ ಗಡಿ ದಾಟಿದ ಹೊರತು ಕನ್ನಡದ ಹಳ್ಳಿ ಕಾಣಸಿಗದೆಂದು ನಮ್ಮ ಬಳಗದಲ್ಲಿ ಹಲವರ ಎಣಿಕೆ. ಅವರು ಈರೋಡು ಜಿಲ್ಲೆಯ ತಾಳವಾಡಿಗೆ ಒಮ್ಮೆ ಹೋಗಿಬರಬೇಕು.

ಸತ್ಯಮಂಗಲ ಬಿಟ್ಟು, ಬಣ್ಣಾರಿ ಅಮ್ಮನಿಗೆ ಕೈಮುಗಿದು ಮುಂದೆ ಸಾಗಿದರೆ ದಿಂಬಂ ಘಟ್ಟ. ತಿರುವುಗಳು 27, ತಲೆ ಸುತ್ತದೆ ಹತ್ತಿದವರು ಪುಣ್ಯವಂತರೇ ಸರಿ! ಮೇಲೆ ಹಾಸನೂರಿನ ಕಾಡು, ಅದರಾಚೆ ತಾಳವಾಡಿಯ ಬಯಲು. ರಾಗಿ, ಅರಿಸಿನ, ಕೋಸು, ಆಲೂಗೆಡ್ಡೆ ಬೆಳೆಯುವ ನೆಲ. ಮನೆಮಾತು ಕನ್ನಡ. ಚಾಮರಾಜನಗರ ಹತ್ತಿರ, ಸತ್ಯಮಂಗಲ ದೂರ. ಹೀಗಿದ್ದೂ ಊರು ಇತ್ತಲೇ ಸೇರಿದ್ದೇಕೆ? 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ಪಾಲಾಯಿತಷ್ಟೆ. 1956ರಲ್ಲಿ ಆ ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು.

ಪಕ್ಕದ ದೊಡ್ಡಗಾಜನೂರು ನಮಗೆ ಹೊಸ ಹೆಸರಲ್ಲ. 1929ರಲ್ಲಿ ಹುಟ್ಟಿದ ಮುತ್ತುರಾಜ, ಅಂದರೆ ನಮ್ಮ ರಾಜಕುಮಾರ್, ಆ ಊರಿನವರು. ಮದರಾಸಿನಲ್ಲಿ ಬಹುಕಾಲ ನಮ್ಮ ನೆರೆಯವರಾಗಿಯೂ ಇದ್ದರು. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಒಯ್ದದ್ದೂ ಗಾಜನೂರಿನ ಮನೆಯಿಂದಲೇ. ಬಿಡುಗಡೆಗೆ 108 ದಿನ ಕಾಯಬೇಕಾಯಿತು. ಆಗ ಪತ್ರಿಕೆಗಳಲ್ಲೆಲ್ಲ ಆ ಸೀಮೆಯ ಹೆಸರೇ. ಆಮೇಲೆ ಕೇಳಿದವರು ಕಡಿಮೆ.

ಅಲ್ಲಿನವರ ಚಿಂತೆ ಬೇರೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಣಾ ಪ್ರದೇಶವಾಯಿತು. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2022ರ ಫೆಬ್ರವರಿಯಲ್ಲಿ ನ್ಯಾಯಾಲಯದ ಆಜ್ಞೆಯಂತೆ ಘಟ್ಟದಲ್ಲಿ ರಾತ್ರಿ ಸಂಚಾರ ನಿಂತಿತು. ಕಾಡುಮೃಗಗಳ ಮಟ್ಟಿಗೆ ಅದು ನ್ಯಾಯವೇ. ಆದರೆ ಕೊಯ್ದ ತರಕಾರಿ ಬೆಳಗಿನ ಸಂತೆಗೆ ಇಳಿಯುವುದು ಹೇಗೆ? ರೈತರು ಬೀದಿಗಿಳಿದರು, ಮುಂದೆ ಸ್ಥಳೀಯರಿಗೆ ಸಡಿಲಿಕೆ ದೊರೆಯಿತು. ಹೊಲಕ್ಕೆ ನುಗ್ಗುವ ಆನೆಗೆ ಮಾತ್ರ ಯಾವ ಆಜ್ಞೆಯೂ ಇಲ್ಲ. ಕೋಸು ಬಲಿಯುವ ತನಕ ತಾಳವಾಡಿಯ ರೈತ ರಾತ್ರಿ ಅಟ್ಟಣೆಯ ಮೇಲೆ ಕಾವಲು ಕೂರುತ್ತಾನೆ.