ಕೋಟೆ ಬಿಟ್ಟವರ ಲೆಕ್ಕ

ಕೋಟೆ ಬಿಟ್ಟು ಹಿಂದೆ ಸರಿದವರ ಕಥೆಯನ್ನು ನಮ್ಮ ಇತಿಹಾಸದ ಪುಸ್ತಕಗಳು ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಸುರಪುರದ ಬೇಡ ನಾಯಕರ ಮಟ್ಟಿಗೆ ಇದು ದೊಡ್ಡ ಅನ್ಯಾಯ. ಹೊತ್ತು ನೋಡಿ ಜಾಗ ಖಾಲಿ ಮಾಡಿದ್ದರಿಂದಲೇ ಆ ಮನೆತನ ಉಳಿಯಿತು.

ಶಹಾಪುರದ ಹತ್ತಿರದ ಸಗರವನ್ನು 1687ರಲ್ಲಿ ಮೊಗಲರಿಗೆ ಒಪ್ಪಿಸಿದ ಈ ಮನೆತನದ ಪಾಮನಾಯಕ ಔರಂಗಜೇಬನ ದರ್ಬಾರಿಗೆ ಹೋಗಿ, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆ ಬಂದ ಪಿಡ್ಡನಾಯಕ ವಾಗಣಗೇರಾದ ಗುಡ್ಡವನ್ನು ನೆಲೆ ಮಾಡಿಕೊಂಡ. 1705ರ ಫೆಬ್ರವರಿಯಲ್ಲಿ ಬಾದಶಹನೇ ಅಲ್ಲಿಗೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ನಾಯಕ ಸಂಧಿಯ ಮಾತಾಡುತ್ತ ದಿನ ತಳ್ಳಿದ. ಅಷ್ಟರಲ್ಲಿ ಧನಾಜಿ ಜಾಧವನ ಮರಾಠ ಕುದುರೆದಂಡು ಬಂದು, ಕೋಟೆಯಲ್ಲಿ ಆಸರೆ ಪಡೆದಿದ್ದ ತನ್ನವರ ಹೆಂಡಿರು ಮಕ್ಕಳನ್ನು ಮೊದಲು ಹೊರಗೆ ಸಾಗಿಸಿತು. ಮುಂದೆ ಮೊಗಲ ಸೇನಾನಿ ಜುಲ್ಫಿಕರ್ ಖಾನ್ ಬಂದು ಕೋಟೆಯವರಿಗೆ ನೀರು ಕೊಡುತ್ತಿದ್ದ ಬಾವಿಗಳನ್ನೇ ಹಿಡಿದ. ಈ ಸೀಮೆಯ ಏಪ್ರಿಲ್ ಬಿಸಿಲು ಕಂಡವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಆ ತಿಂಗಳ 27ರ ರಾತ್ರಿ ಬೇಡರು ಮನೆಗಳಿಗೆ ಬೆಂಕಿಯಿಟ್ಟು ಕತ್ತಲಲ್ಲಿ ಹೊರಟುಹೋದರು. ಒಳನುಗ್ಗಿದ ಮೊಗಲರಿಗೆ ಸಿಕ್ಕಿದ್ದು ಬರಿದಾದ ಕೋಟೆ. ಅದಕ್ಕೆ ರಹಮಾನ್ ಬಕ್ಷ್ ಎಂದು ಹೆಸರಿಟ್ಟರು. ಊರವರ ಬಾಯಲ್ಲಿ ಅದು ನಿಲ್ಲಲಿಲ್ಲ.

ಗೆದ್ದ ಬಾದಶಹನ ಗತಿ ನೋಡಿ. ಕೃಷ್ಣೆಯ ಕಡೆಯ ದೇವಾಪುರದಲ್ಲಿ ಬೀಡುಬಿಟ್ಟವನು ಹಾಸಿಗೆ ಹಿಡಿದ. ಅಕ್ಟೋಬರ್‌ವರೆಗೂ ದಂಡು ಅಲ್ಲೇ ಉಳಿಯಿತು. ಅಲ್ಲಿಂದ ಅವನೂ ಹಿಂದೆ ಸರಿಯಲೇಬೇಕಾಯಿತು. ಅಹ್ಮದನಗರ ಸೇರಿದ, 1707ರಲ್ಲಿ ಅಲ್ಲೇ ಸತ್ತ. ಅವನು ತಾನೇ ನಿಂತು ಹಾಕಿದ ಕೊನೆಯ ಮುತ್ತಿಗೆ ವಾಗಣಗೇರಾದ್ದು. ಪಿಡ್ಡನಾಯಕನ ವಂಶವೋ ಸುರಪುರದಲ್ಲಿ ಮತ್ತೆ ಒಂದೂವರೆ ಶತಮಾನ ಆಳಿತು.

1858ರ ಫೆಬ್ರವರಿಯಲ್ಲಿ ಅದೇ ವಂಶದ ರಾಜಾ ವೆಂಕಟಪ್ಪ ನಾಯಕನೂ ರಾತ್ರಿಯೇ ಸುರಪುರ ಬಿಟ್ಟ. ಇಂಗ್ಲಿಷರ ಜೊತೆಗಿನ ಕಾದಾಟದಲ್ಲಿ ಅವರ ಕ್ಯಾಪ್ಟನ್ ನ್ಯೂಬೆರಿ ಸತ್ತಿದ್ದ, ಇನ್ನಷ್ಟು ಪಡೆ ಬರುತ್ತಿತ್ತು. ಹೊರಟದ್ದು ತಪ್ಪೆಂದು ನನಗನ್ನಿಸುವುದಿಲ್ಲ. ಹೋದದ್ದು ಮಾತ್ರ ಹೈದರಾಬಾದಿಗೆ. ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಇಂಗ್ಲಿಷ್ ರೆಸಿಡೆಂಟನಿಗೆ ಒಪ್ಪಿಸಿದ. ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಯುವಕ ರಾಜ ಗುಂಡಿಗೆ ಬಲಿಯಾದ; 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಪಿಡ್ಡನಾಯಕನ ಬೆನ್ನಿಗೆ ಮರಾಠ ಕುದುರೆಗಳಿದ್ದವು, ಬಚ್ಚಿಟ್ಟುಕೊಳ್ಳಲು ಬೇಡರ ಹಳ್ಳಿಗಳಿದ್ದವು. ವೆಂಕಟಪ್ಪ ನಾಯಕ ತನ್ನ ಜನರನ್ನು ದಾಟಿ, ಇಂಗ್ಲಿಷರಿಗೆ ಒಗ್ಗಿದ ದರ್ಬಾರಿನ ಊರಿಗೆ ಹೋದ. ಯಾದಗಿರಿ ಜಿಲ್ಲೆಯ ಮಕ್ಕಳಿಗೆ ವಾಗಣಗೇರಾ ತೋರಿಸುವ ಮೇಷ್ಟ್ರುಗಳು ಬುರುಜಿನ ಜೊತೆಗೆ ಆ ಬಾವಿಗಳ ಕಥೆಯನ್ನೂ, ಜನ ಹೇಗೆ ಹೊರಟರೆಂಬುದನ್ನೂ ಹೇಳಬೇಕು.