ಬೆಕ್ಕಿನ ಸೇವೆಯೂ ಇಲಿಮದ್ದೂ



ನಮ್ಮ ಸಂಘದ ಪತ್ರಿಕೆಯಲ್ಲಿ ಅಡಿಕೆಯ ಧಾರಣೆ, ಕಾಫಿಯ ಕಾಂಡಕೊರಕ, ಕೊಳವೆ ಬಾವಿ, ಕಾಡಾನೆ ಇವುಗಳ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಬೆಕ್ಕಿನ ಬಗ್ಗೆ ಬರೆದವರನ್ನು ನಾನು ಕಾಣೆ. "ಬೆಕ್ಕಿಗೂ ತೋಟಕ್ಕೂ ಏನಯ್ಯಾ ಸಂಬಂಧ?" ಎಂದು ಹಿರಿಯರು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿದರೆ ಸಂಬಂಧ ತಾನಾಗಿ ತಿಳಿಯುತ್ತದೆ. ಅಲ್ಲಿಯವರೆಗೆ ಸಹಿಸಿಕೊಳ್ಳಬೇಕೆಂದು ಪ್ರಾರ್ಥನೆ.

ಮೊದಲಿಗೆ ಒಂದು ಗುಟ್ಟು. ಹಂಪಾಪುರದ ನಮ್ಮ ಮನೆಯ ಖಾತೆ ನನ್ನ ಹೆಸರಿನಲ್ಲಿದೆ. ಕಂದಾಯ ಕಟ್ಟುವವನೂ ನಾನೇ. ಆದರೆ ಐದು ವರ್ಷ ಆ ಮನೆಯನ್ನು ಆಳಿದ್ದು ಚಿನ್ನಿ ಎಂಬ ಬೆಕ್ಕು. ಬೆಳಗಿನಿಂದ ತೋಟದಲ್ಲಿ ದುಡಿದು, ಮಧ್ಯಾಹ್ನ ಬೆವರು ಒರೆಸಿಕೊಂಡು ಬಂದರೆ ನನ್ನ ಆರಾಮ ಕುರ್ಚಿಯಲ್ಲಿ ಚಿನ್ನಿ ಚಕ್ಕುಲಿಯಂತೆ ಸುತ್ತಿಕೊಂಡು ಮಲಗಿರುತ್ತಿತ್ತು. ಎಬ್ಬಿಸಲು ಕೈ ಚಾಚಿದರೆ ಒಳಗಿನಿಂದ ನಮ್ಮಾಕೆಯ ದನಿ: "ಪಾಪ, ಈಗ ತಾನೇ ಮಲಗೈತೆ, ಯಾಕ್ ಎಬ್ಬಿಸ್ತೀರಿ? ಜಗಲಿ ಮೇಲೆ ಕೂತ್ಕೋಬಾರ್ದಾ?" ನಾನು ಜಗಲಿಯ ಮೇಲೆ ಕೂರುತ್ತಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದ ನನ್ನ ಪರವಾಗಿ ಆಕೆ ಹೀಗೆ ಒಂದು ದಿನವೂ ವಕಾಲತ್ತು ವಹಿಸಿದ್ದಿಲ್ಲ.

ಅದನ್ನು ಮರಿಯಾಗಿದ್ದಾಗ ನೆಂಟರ ಮನೆಯಿಂದ ಗೋಣಿಚೀಲದಲ್ಲಿ ಕಟ್ಟಿ ತಂದಿದ್ದೆವು. ದಾರಿ ಕಂಡರೆ ತಿರುಗಿ ಹೋಗಿಬಿಡುತ್ತದೆಂದು ಹಿರಿಯರು ಹೇಳುವುದುಂಟಷ್ಟೆ. ಚೀಲ ಬಿಚ್ಚಿದ ಕೂಡಲೆ ಅದು ಮನೆಯ ಮೂಲೆ ಮೂಲೆಯನ್ನೂ ಮೂಸಿ ನೋಡಿತು, ಜಮೀನು ಕೊಳ್ಳುವವನು ಮೊದಲು ಎಲ್ಲೆ ಕಲ್ಲು ನೋಡುವ ಹಾಗೆ. ಆಮೇಲೆ ಒಪ್ಪಿಗೆಯಾಯಿತು. ನಾಯಿ ಮನುಷ್ಯನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂಬ ಮಾತು ಸುಳ್ಳಲ್ಲ. ಚಿನ್ನಿಯ ಲೆಕ್ಕದಲ್ಲಿ ನಾವು ಮನೆಯ ಜೊತೆಗೆ ಬಂದ ಆಳುಗಳು.

ಬೆಳಿಗ್ಗೆ ಹಾಲು ಕರೆದರೆ ಮೊದಲ ಪಾಲು ಚಿನ್ನಿಯ ಬಟ್ಟಲಿಗೆ, ಆಮೇಲೆ ಡೇರಿಗೆ, ಉಳಿದರೆ ನನ್ನ ಲೋಟಕ್ಕೆ. ಕಾಫಿ ಬೆಳೆಯುವವನ ಮನೆಯಲ್ಲಿ ಹಾಲಿಲ್ಲದ ಕಾಫಿ ಕುಡಿದ ದಿನಗಳುಂಟು. ಅಂಗಳದಲ್ಲಿ ಕಾಫಿ ಹಣ್ಣು ಹರಡಿದಾಗ ಕೋಳಿ ಕಾಲಿಟ್ಟರೆ ಕೋಲು ಬೀಸುವ ನಮ್ಮಾಕೆ, ಚಿನ್ನಿ ಬಂದು ಹೊರಳಾಡಿದರೆ ನಗುತ್ತಿದ್ದಳು. ಮರಿ ಹಾಕುವ ಕಾಲಕ್ಕೆ ಅದು ಆರಿಸಿಕೊಂಡದ್ದು ಮದುವೆಯ ಸೀರೆ ಇಟ್ಟಿದ್ದ ಮರದ ಪೆಟ್ಟಿಗೆಯನ್ನು. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎನ್ನುತ್ತಾರೆ. ಚಿನ್ನಿಯಾದರೋ ನಮ್ಮ ಮನೆಯಲ್ಲೇ ಏಳು ಜಾಗ ತೋರಿಸಿತು. ಪ್ರತಿ ಸಲವೂ ಅಲ್ಲಿದ್ದ ಸಾಮಾನನ್ನು ಹೊತ್ತು ಬೇರೆಡೆಗೆ ಸಾಗಿಸಿದವನು ಈ ಬಡ ಬೆಳೆಗಾರ.

ಇಂಥ ಸೇವೆ ನಮ್ಮ ಮನೆಗೆ ಮಾತ್ರ ಸೀಮಿತವಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರಾರು? ಇಲಿಗಳ ಕಾಟ ತಡೆಯಲಾರದೆ ಕೃಷ್ಣದೇವರಾಯನು ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದೊಂದು ಹಸು ಕೊಟ್ಟನಂತೆ. ಎಲ್ಲರೂ ಬೆಕ್ಕಿನ ಸೇವೆಗೆ ನಿಂತರು. ರಾಮಕೃಷ್ಣ ಮಾತ್ರ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ. ಅಲ್ಲಿಂದ ಮುಂದೆ ಅದು ಹಾಲು ಕಂಡರೆ ಓಡುತ್ತಿತ್ತು, ಹಾಲನ್ನು ಅವನೇ ಕುಡಿಯುತ್ತಿದ್ದ. ತಮಾಷೆಯೆಂದರೆ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯಂಶ ಸರಿಯಾಗಿ ಅರಗುವುದೇ ಇಲ್ಲ ಎಂದು ಪಶುವೈದ್ಯರು ಹೇಳುತ್ತಾರೆ. ಅದಕ್ಕೆ ಬೇಕಾದ್ದು ಮೀನು, ಮಾಂಸ. ನಾನು ಕುಡಿದ ಕರಿಕಾಫಿಗಳೆಲ್ಲ ವ್ಯರ್ಥ!

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಬೆಕ್ಕನ್ನು ಉಪವಾಸ ಕೆಡವಿದರೆ ಚೆನ್ನಾಗಿ ಇಲಿ ಹಿಡಿಯುತ್ತದೆಂದು ಹಲವರು ನಂಬಿದ್ದಾರೆ. ಹಾಗಲ್ಲ, ಹಸಿವು ಬೇರೆ, ಬೇಟೆಯ ಚಪಲ ಬೇರೆ. ಹೊಟ್ಟೆ ತುಂಬಿದ ಬೆಕ್ಕೂ ಎದುರಿಗೆ ಓಡುವ ಇಲಿಯನ್ನು ಬಿಡುವುದಿಲ್ಲ. ಹಸಿದದ್ದು ಊರು ಸುತ್ತಲು ಹೋಗುತ್ತದೆ. ತುತ್ತು ಸಿಗುವ ಬೆಕ್ಕು ಮನೆ, ಉಗ್ರಾಣಗಳ ಸುತ್ತ ಇರುತ್ತದೆ.

ಮನುಷ್ಯನಿಗೂ ಬೆಕ್ಕಿಗೂ ಇರುವ ಒಡಂಬಡಿಕೆ ಇಂದು ನೆನ್ನೆಯದಲ್ಲ. ಪಶ್ಚಿಮ ಏಷ್ಯಾದ ರೈತರು ಮೊದಲು ಧಾನ್ಯ ಕೂಡಿಟ್ಟಾಗ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಅದನ್ನು ಯಾರೂ ಹಗ್ಗ ಹಾಕಿ ಎಳೆದು ತಂದಿರಲಾರರು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯದಾದ ಸಮಾಧಿಯೊಂದರ ಪಕ್ಕದಲ್ಲಿ ಬೆಕ್ಕನ್ನೂ ಹೂಳಿದ್ದು ಉತ್ಖನನದಲ್ಲಿ ಕಂಡುಬಂದು, 2004ರಲ್ಲಿ ಆ ವಿಷಯ ಪ್ರಕಟವಾಯಿತು. ಅಷ್ಟು ದೂರವೇಕೆ? ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ. ಆ ಊರಿನಲ್ಲಿ ಬೆಕ್ಕಿಗೆ ಯಾರೂ ಕೇಡು ಬಗೆಯುವಂತಿಲ್ಲ. ಸತ್ತ ಬೆಕ್ಕು ಕಂಡರೆ ಹಾಗೇ ಬಿಟ್ಟು ಹೋಗದೆ ಮಣ್ಣು ಮಾಡುವುದು ಅಲ್ಲಿಯ ಪದ್ಧತಿ.

ನಾನೂ ಒಂದು ಬೆಕ್ಕನ್ನು ಮಣ್ಣು ಮಾಡಿದೆ. ಆದರೆ ಅದು ಸತ್ತದ್ದು ನನ್ನ ಕೈಯಿಂದ.

ಕಳೆದ ವರ್ಷ ಇಲಿಗಳ ಹಾವಳಿ ವಿಪರೀತವಾಯಿತು. ಅಡಿಕೆಯ ಎಳೆಗಾಯಿ ಕೊರೆದು ಉದುರಿಸಿದವು, ಹನಿ ನೀರಾವರಿಯ ಪೈಪು ಕಡಿದವು, ಅಟ್ಟದ ಮೇಲಿನ ರಾಗಿ ಚೀಲಕ್ಕೂ ತೂತು ಬಿದ್ದಿತು. ಒಂದು ಬೆಕ್ಕು ಎಷ್ಟೆಂದು ಹಿಡಿದೀತು? ಅಂಗಡಿಯಿಂದ ಇಲಿಮದ್ದಿನ ಬಿಲ್ಲೆಗಳನ್ನು ತಂದು ತೋಟದಲ್ಲೂ ಅಟ್ಟದ ಮೇಲೂ ಇಟ್ಟೆ. ನಾಲ್ಕಾರು ದಿನ ಕಳೆದ ಮೇಲೆ ಇಲಿಗಳು ಹಗಲಿನಲ್ಲೇ ತೂಕಡಿಸುತ್ತ ಈಚೆಗೆ ಬರತೊಡಗಿದವು. ಚಿನ್ನಿಗೆ ಹಬ್ಬವೋ ಹಬ್ಬ. ನಾನೂ ನಿಂತು ನೋಡಿ ಸಂತೋಷಪಟ್ಟೆ.

ಆಮೇಲೆ ಚಿನ್ನಿ ಊಟ ಬಿಟ್ಟಿತು. ಒಸಡು ಸುಣ್ಣದಂತೆ ಬಿಳಿಚಿಕೊಂಡಿತು. ದೃಷ್ಟಿಯಾಗಿರಬೇಕೆಂದು ನಮ್ಮಾಕೆ ಮೆಣಸಿನಕಾಯಿ ನಿವಾಳಿಸಿದಳು. ನಾಳೆ ಸರಿಹೋದೀತೆಂದು ನಾನು ಎರಡು ದಿನ ತಳ್ಳಿದೆ. ಮೂಗಿನಲ್ಲಿ ರಕ್ತ ಕಂಡ ಮೇಲೆ ಪಶುವೈದ್ಯರಲ್ಲಿಗೆ ಒಯ್ದೆ. ಅವರು ಕೇಳಿದ ಮೊದಲ ಪ್ರಶ್ನೆ: "ಮನೇಲಿ ಇಲಿಮದ್ದು ಇಟ್ಟಿದ್ರಾ?" ಅಂದು ಸಂಜೆ ಚಿನ್ನಿ ತೀರಿಕೊಂಡಿತು. ಹಲಸಿನ ಮರದ ಬುಡದಲ್ಲಿ ಹೂತೆವು.

ಆ ಬಿಲ್ಲೆಯ ಮದ್ದಿಗೆ ಬ್ರೊಮಾಡಿಯೊಲೋನ್ ಎಂದು ಹೆಸರು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೆ ಸಾಯದೆ ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅಂಥ ಇಲಿಗಳನ್ನು ಒಂದರ ಮೇಲೊಂದು ತಿಂದ ಬೆಕ್ಕಿಗೂ, ಗೂಬೆಗೂ ಅದೇ ಗತಿ. ಬೇಗ ಒಯ್ದರೆ ವಿಟಮಿನ್ ಕೆ-1 ಕೊಟ್ಟು ಉಳಿಸಿಕೊಳ್ಳಲು ಸಾಧ್ಯವಿದೆ. ಇನ್ನೊಂದು, ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್. ಅದು ಹೊಟ್ಟೆಯೊಳಗೆ ವಿಷಾನಿಲವಾಗುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ.

ಹಾಗಾದರೆ ಇಲಿಗಳಿಗೆ ತೋಟ ಬರೆದುಕೊಡೋಣವೇ? ಹಾಗೆ ನಾನು ಹೇಳಲಾರೆ. ನನಗೂ ಸಾಲದ ಕಂತಿದೆ. ಆದರೆ ಬೆಕ್ಕಿರುವ ಮನೆ, ಅಟ್ಟ, ಉಗ್ರಾಣಗಳಲ್ಲಿ ವಿಷ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಗೆ ಬೋನು ಸಾಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಈಚೆಗೆ ಜೋಡಿಸಿ, ಗೋಡೆಯ ತೂತುಗಳನ್ನು ಸಿಮೆಂಟು ಮೆತ್ತಿ ಮುಚ್ಚಿದರೆ ಅರ್ಧ ಇಲಿ ಅಲ್ಲಿಗೇ ಕಡಿಮೆ. ತೋಟದಲ್ಲಿ ಮದ್ದು ಇಡಲೇಬೇಕಾದರೆ ಬಯಲಿನಲ್ಲಿ ಎಸೆಯದೆ ಬಿಲದೊಳಗೆ ಇಡಬೇಕು. ಮುಂದಿನ ಎರಡು ವಾರ ದಿನವೂ ಬೆಳಿಗ್ಗೆ ಒಂದು ಸುತ್ತು ಬಂದು ಸತ್ತ ಇಲಿಗಳನ್ನು ಆಳವಾಗಿ ಹೂಳಬೇಕು. ಉಳಿದ ಬಿಲ್ಲೆಗಳನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಬೇಕು. ಬೆಕ್ಕು ಮಂಕಾದರೆ ನನ್ನಂತೆ ನಾಳೆ ನೋಡೋಣ ಎನ್ನಬಾರದು.

ಸಂಘದ ಆಡಳಿತ ಮಂಡಳಿಯವರಲ್ಲೂ ಒಂದು ವಿನಂತಿ. ನಮ್ಮ ಮಳಿಗೆಯಲ್ಲಿ ಇಲಿಮದ್ದಿನ ಪಕ್ಕದಲ್ಲೇ ಇಲಿಬೋನನ್ನೂ ಮಾರಾಟಕ್ಕೆ ಇಡುವಂತಾಗಬೇಕು. ಮದ್ದಿನ ಪೊಟ್ಟಣ ಕೊಡುವಾಗ "ಮನೇಲಿ ಬೆಕ್ಕು ಐತಾ?" ಎಂದು ಒಂದು ಮಾತು ಕೇಳಿದರೆ ಸಂಘಕ್ಕೆ ಖರ್ಚೇನೂ ಬರುವುದಿಲ್ಲ. ನನಗೆ ಯಾರಾದರೂ ಹಾಗೆ ಕೇಳಿದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಬೆಕ್ಕು ಕೊಂದ ಪಾಪಕ್ಕೆ ಕಾಶಿಗೆ ಹೋಗಿ ಚಿನ್ನದ ಬೆಕ್ಕನ್ನು ದಾನ ಕೊಡಬೇಕೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಈಗಿನ ಚಿನ್ನದ ಬೆಲೆಗೆ ಅಡಿಕೆ ತೋಟವನ್ನೇ ಮಾರಬೇಕಾದೀತು. ಸದ್ಯಕ್ಕೆ ಮೂರು ಬೋನುಗಳನ್ನು ಕೊಂಡು ತಂದಿದ್ದೇನೆ. ಚಿನ್ನಿಯ ಕೊನೆಯ ಸೂಲಿನ ಮರಿಯೊಂದು ಮನೆಯಲ್ಲಿ ಉಳಿದಿದೆ. ಈಗ ಚೆನ್ನಾಗಿ ಬೆಳೆದಿದೆ. ಈ ಸಾಲುಗಳನ್ನು ನಾನು ಬರೆಯುತ್ತಿರುವುದು ಜಗಲಿಯ ಮೇಲೆ ಕುಳಿತು. ಕುರ್ಚಿ ಯಾರ ವಶದಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ.

— ಸಂಘದ ಒಬ್ಬ ಸದಸ್ಯ, ಹಂಪಾಪುರ